ಪಂಪು ಅಟ್ಟಕ್ಕೆ, ಪೈಪು ಮಳೆಗೆ

ರೋಹಿಣಿ ಮಳೆ ಹಿಡಿಯುವ ಮುಂಚೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟದವರು ಒಂದು ಕೆಲಸವನ್ನು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಬೇಸಿಗೆಯಿಡೀ ಹೊಳೆದಂಡೆಯಲ್ಲಿ ದುಡಿದ ಪಂಪನ್ನು ಬಿಚ್ಚಿ, ಹೊತ್ತು ಮೇಲೆ ತರುತ್ತಾರೆ. ಫುಟ್‌ವಾಲ್ವು, ಸ್ಟಾರ್ಟರ್ ಪೆಟ್ಟಿಗೆ ಕೊಟ್ಟಿಗೆಯ ಅಟ್ಟ ಸೇರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಈ ಸೀಮೆಯಲ್ಲಿ ಹೊಳೆ ಒಂದೇ ರಾತ್ರಿಯಲ್ಲಿ ದಂಡೆ ಮೀರಬಹುದು ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಎಚ್ಚರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಪಂಪು ಬಿಚ್ಚಿದ ಮೇಲೆ ತೋಟದಲ್ಲೇ ಉಳಿಯುವ ಪೈಪುಗಳ ಬಗ್ಗೆ. ಅವುಗಳೊಳಗಿನ ನೀರನ್ನು ಖಾಲಿ ಮಾಡುವವರು ಬಹಳ ಕಡಿಮೆ.

ಈ ಕೆಲಸವನ್ನು ತಪ್ಪದೆ ಮಾಡುವವರು ಬೇರೆಡೆ ಇದ್ದಾರೆ. ಅಮೆರಿಕ, ಕೆನಡಾದ ಚಳಿ ಸೀಮೆಗಳಲ್ಲಿ ಪ್ರವಾಸದ ಗಾಡಿಮನೆ ಇಟ್ಟುಕೊಂಡವರು ಹಿಮ ಬೀಳುವ ಮೊದಲೇ ಅದರ ಟ್ಯಾಂಕು, ಹೀಟರು, ಕೊಳಾಯಿಗಳ ನೀರನ್ನೆಲ್ಲ ಬಸಿಯುತ್ತಾರೆ. ಗಾಳಿ ಊದಿ ಕೊಳವೆ ಒಣಗಿಸುತ್ತಾರೆ, ಇಲ್ಲವೇ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಪ್ರತಿ ನಲ್ಲಿಯಲ್ಲೂ ಕಾಣುವವರೆಗೆ ಹರಿಸುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಪಂಪಿನಲ್ಲಿ ಒಂದು ಲೋಟ ನೀರು ಉಳಿದರೂ ಅದು ಸೀಳಬಹುದು. ತಪ್ಪಿದರೆ ಶಿಕ್ಷೆ ಖಚಿತ, ಹಾಗಾಗಿ ಯಾರೂ ಅರೆಬರೆ ಮಾಡುವುದಿಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಹಾಳಾಗುವುದು ನಿಧಾನ, ಗೊತ್ತಾಗುವುದು ಇನ್ನೂ ನಿಧಾನ.

ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಕರಗಿರುತ್ತದೆ. ಪೈಪಿನಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಅದು ಗಾಳಿ ತಾಗಿ ಕೆಂಪಾಗುತ್ತದೆ. ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಅದನ್ನೇ ಲೋಳೆಯಾಗಿ ಒಳಗೋಡೆಗೆ ಮೆತ್ತುತ್ತದೆ. ಹಳ್ಳದಿಂದ ಬಂದ ನುಣುಪು ಮಣ್ಣು ಅದಕ್ಕೆ ಅಂಟಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಮತ್ತೆ ನೀರು ಬಿಟ್ಟಾಗ ಈ ಗಸಿಯೆಲ್ಲ ನೇರ ಡ್ರಿಪ್ಪರಿನ ಸಣ್ಣ ದಾರಿಗೆ ಬಂದು ಕೂರುತ್ತದೆ. ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ ಕೊಡುವುದೇ ದಿನಕ್ಕೆ 16ರಿಂದ 20 ಲೀಟರ್. ಅದರಲ್ಲಿ ಅರ್ಧ ಕಟ್ಟಿದರೂ ಸೊಪ್ಪಿನ ಮುಚ್ಚಿಗೆಯಡಿ ಯಾರಿಗೂ ಕಾಣುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಮರ ಸೊರಗಿದಾಗ ಬಿಸಿಲನ್ನು ಬೈಯುತ್ತೇವೆ. ಇಲಿ ಕಡಿದ ಪೈಪಾದರೂ ನೀರು ಚಿಮ್ಮಿ ತಾನೇ ಹೇಳಿಕೊಳ್ಳುತ್ತದೆ, ಕಟ್ಟಿದ ಡ್ರಿಪ್ಪರ್ ಹೇಳುವುದಿಲ್ಲ.

ಮೇಲೆ ತಂದ ಪಂಪಿನ ಆರೈಕೆಯೂ ಅರ್ಧವೇ. ಒಳಗಿನ ನೀರು ಬಸಿಯುವ ತಿರುಪನ್ನು ಎಷ್ಟೋ ಕಡೆ ಮುಟ್ಟುವುದೇ ಇಲ್ಲ. ಕೊಟ್ಟಿಗೆಯ ಹಸಿನೆಲದ ಮೇಲೆ ಮಳೆಗಾಲ ಕಳೆದ ಮೋಟಾರಿನ ಸುರುಳಿ ತೇವ ಹೀರಿರುತ್ತದೆ. ಅದನ್ನು ಒಣಗಿಸದೆ, ದಂಡವನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡದೆ ಸ್ವಿಚ್ಚು ಒತ್ತಿದರೆ ಕಾಯಿಲ್ ಸುಟ್ಟೀತು.

ಇದು ಬರಿಯ ಸೋಮಾರಿತನ ಎಂದರೆ ಅನ್ಯಾಯ. ಮಳೆ ಹಿಡಿಯುವ ಮುಂಚಿನ ಹದಿನೈದು ದಿನಗಳಲ್ಲೇ ಸೌದೆ ಒಳಗಾಗಬೇಕು, ಬಸಿಗಾಲುವೆಯ ಹೂಳು ತೆಗೆಯಬೇಕು, ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ಲೆಕ್ಕ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ತಲೆಮಾರುಗಳಿಂದ ಬಂದ ಈ ಕೆಲಸಗಳಿಗೆಲ್ಲ ಮಳೆನಕ್ಷತ್ರದ ಲೆಕ್ಕದಲ್ಲಿ ಜಾಗವಿದೆ. ಪೈಪು ತೊಳೆಯುವುದಕ್ಕೆ ಆ ಜಾಗ ಇನ್ನೂ ಸಿಕ್ಕಿಲ್ಲ.

ಸಿಗಬೇಕಾದದ್ದು ರೋಹಿಣಿಯಲ್ಲಲ್ಲ, ಕೃತ್ತಿಕೆಯಲ್ಲಿ ಎಂಬುದು ನನ್ನ ವಾದ. ಪಂಪು ಎತ್ತುವ ದಿನಕ್ಕೆ ಹಳ್ಳದ ತಳದಲ್ಲಿ ಉಳಿದಿರುವುದು ರಾಡಿ. ಅದರಿಂದ ತೊಳೆದರೆ ಕೊಳೆಯನ್ನೇ ತುಂಬಿದ ಹಾಗೆ. ಮೇ ಮಧ್ಯದಲ್ಲಿ ಎರಡು ಒಳ್ಳೆಯ ಅಡ್ಡಮಳೆ ಬಿದ್ದು ತೋಟ ನೆನೆದು, ಹಳ್ಳದ ನೀರು ತಿಳಿಯಾದ ದಿನವೇ ಸರಿ. ಮೊದಲು ಫಿಲ್ಟರ್ ಬಿಚ್ಚಿ ಉಜ್ಜಬೇಕು. ಆಮೇಲೆ ದೊಡ್ಡ ಪೈಪಿನ ಕೊನೆಯ ಮುಚ್ಚಳ ತೆಗೆದು ತಿಳಿನೀರು ಬರುವವರೆಗೆ ಹರಿಸಬೇಕು. ಸಣ್ಣ ಪೈಪುಗಳ ತುದಿಯನ್ನು ಒಟ್ಟಿಗೇ ಬಿಚ್ಚಿದರೆ ಒತ್ತಡ ಸಾಲದು, ನಾಲ್ಕೈದರಂತೆ ಬಿಚ್ಚಬೇಕು. ಲೋಳೆ ಜಾಸ್ತಿಯಿದ್ದರೆ ಕ್ಲೋರಿನ್, ಸುಣ್ಣ ಕಟ್ಟಿದ್ದರೆ ಆಮ್ಲ. ಇವೆರಡನ್ನು ಯಾವ ಕಾರಣಕ್ಕೂ ಬೆರೆಸಬಾರದು, ವಿಷಗಾಳಿ ಏಳುತ್ತದೆ.

ಗುಡ್ಡದ ಅಬ್ಬಿಯಿಂದ ತಾನಾಗಿ ಇಳಿದು ಬರುವ ನೀರಿಗೆ ಈ ತೊಂದರೆ ಕಡಿಮೆ, ಏಕೆಂದರೆ ಅದು ನಿಲ್ಲುವುದಿಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ ಕೆಳದಿ ಅರಸರ ಕಾಲದ ದೇವಗಂಗೆ ಕೊಳಗಳನ್ನು ನೋಡಿ: ಒಳಬರುವ ದಾರಿಯಷ್ಟೇ ಕಾಳಜಿಯಿಂದ ಹೊರಹೋಗುವ ದಾರಿಯನ್ನೂ ಕಟ್ಟಿದ್ದಾರೆ. ನಮ್ಮ ಇಳಿಜಾರು ತೋಟಗಳಲ್ಲಿ ಪೈಪು ಎಳೆಯುವವರು ಅಷ್ಟನ್ನಾದರೂ ಕಲಿಯಬಹುದಿತ್ತು. ಅತಿ ತಗ್ಗಿನ ಜಾಗದಲ್ಲಿ ಒಂದು ಬಸಿವಾಲ್ವು ಇಟ್ಟರೆ ಇಡೀ ಸಾಲು ತನ್ನ ಭಾರಕ್ಕೇ ಖಾಲಿಯಾಗುತ್ತದೆ. ಹೊಸದಾಗಿ ಪೈಪು ಹಾಕಿಸುವವರು ಗುಂಡಿ ಮುಚ್ಚುವ ಮೊದಲೇ ಅದನ್ನು ಕೇಳಿ ಹಾಕಿಸಿಕೊಳ್ಳಲಿ.