ಮೇಳ ಮುಗಿದ ಮೇಲಿನ ಕಥೆ

ಚಂದ್ರಶೇಖರ ಕಂಬಾರರೆಂದರೆ ಮೊದಲು ನೆನಪಾಗುವುದು ರಂಗಭೂಮಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ‘ಸಿರಿಸಂಪಿಗೆ’ ನಾಟಕಕ್ಕೇ, 1991ರಲ್ಲಿ. ಹಾಗಂತ ಅವರ ಕಾದಂಬರಿಗಳನ್ನು ನಾಟಕದ ಬೆಳೆ ಕೊಯ್ದ ಮೇಲಿನ ಹಕ್ಕಲು ಎಂದು ತಿಳಿಯಬಾರದು. ಹಾಡಿನಲ್ಲಿ ತೇಲಿಹೋದದ್ದನ್ನು ಅವರು ಗದ್ಯದಲ್ಲಿ ಹಿಡಿದು ಕೂರಿಸಿದ್ದಾರೆ.

‘ಜೋಕುಮಾರಸ್ವಾಮಿ’ಯನ್ನೇ (1972) ನೋಡಿ. ಮಕ್ಕಳಿಲ್ಲದ ಗೌಡತಿ ಗಂಡನಿಗೆಂದು ಪಡವಲಕಾಯಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾಳೆ. ಉಣ್ಣುವವನು ಹೊಲ ಉಳುವ ಬಸಣ್ಣ. ಭಾದ್ರಪದದಲ್ಲಿ ಬುಟ್ಟಿಯೊಳಗೆ ಮಣ್ಣಿನ ಜೋಕುಮಾರನನ್ನಿಟ್ಟುಕೊಂಡು ಮನೆಮನೆಗೆ ಬರುವ ಹೆಂಗಸರ ಹಾಡು ಕೇಳಿದವರಿಗೆ, ಆ ಜೋಕುಮಾರನಂತೆಯೇ ಬಸಣ್ಣನೂ ಉಳಿಯುವುದಿಲ್ಲವೆಂದು ಮೊದಲೇ ಗೊತ್ತು. ನಾಟಕದ ಬಲವೂ ಅದೇ, ಜಾರಿಕೆಯೂ ಅದೇ. ಕೊಲೆ ಆಚರಣೆಯಾಗಿಬಿಡುತ್ತದೆ. ಗೌಡತಿ ಮುಂದೆ ಆ ಮನೆಯಲ್ಲಿ ಹೇಗೆ ಬಾಳಿದಳು ಎಂದು ಕೇಳಲು ಮೇಳ ಪುರುಸೊತ್ತು ಕೊಡುವುದಿಲ್ಲ.

ಹತ್ತು ವರ್ಷದ ಮೇಲೆ ಬಂದ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿ ಕೇಳಿದ್ದು ಅದನ್ನೇ. ಮತ್ತೆ ಸಂತಾನವಿಲ್ಲದ ಒಡೆಯ, ಮತ್ತೆ ಮಗುವಿಗೆ ಹಂಬಲಿಸುವ ಹೆಣ್ಣು. ಆದರೆ ಇಲ್ಲಿ ಕಥೆ ಹೇಳುವವಳು ಒಡತಿಯ ಜೊತೆಗೇ ಇದ್ದ ಶೀನಿಂಗವ್ವ. ಸಿಂಗಾರೆವ್ವನ ಮೇಲೆ ಅವಳಿಗೆ ಅಕ್ಕರೆ, ಹೀಗಾಗಿ ಅವಳ ಮಾತನ್ನು ಪೂರಾ ನಂಬುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಹಾಳಾಗುತ್ತಿರುವ ಅರಮನೆಗೆ ಇಲ್ಲಿ ಯಾವ ಹರಕೆಯೂ ಆಸರೆಯಲ್ಲ. ನನ್ನ ಮಟ್ಟಿಗೆ ಕಂಬಾರರ ಅತ್ಯುತ್ತಮ ಕೃತಿ ಇದೇ, ನಾಟಕಗಳನ್ನೂ ಲೆಕ್ಕ ಹಿಡಿದು.

ಆಮೇಲಿನ ‘ಶಿಖರಸೂರ್ಯ’ ಕಾದಂಬರಿಯಲ್ಲಿ ಶೀನಿಂಗವ್ವನ ಆ ನಾಲಿಗೆ ಕಳೆದುಹೋಗಿದೆ. ಅಧಿಕಾರದಾಹದ ಕಥೆ ದೊಡ್ಡದೇ. ಪುರಾಣ ಮಾತ್ರ ತನ್ನ ಅರ್ಥವನ್ನು ತಾನೇ ಬಿಡಿಸಿ ಹೇಳತೊಡಗುತ್ತದೆ.

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ನನ್ನಂಥ ಓದುಗನಿಗೆ ಅವರ ‘ಶಿವರಾತ್ರಿ’ ನಾಟಕ ಬೇರೆ ಕಾರಣಕ್ಕೆ ಹತ್ತಿರದ್ದು. ಅದು ನಡೆಯುವ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ನಮ್ಮ ಭಾಲ್ಕಿಯ ನೆರೆ ತಾಲ್ಲೂಕು. ಬಸವಣ್ಣ, ಬಿಜ್ಜಳರ ಕಥೆ ಎಲ್ಲಿಗೆ ಮುಟ್ಟುತ್ತದೆಂದು ಈ ಕಡೆ ಮಕ್ಕಳಿಗೂ ಗೊತ್ತು. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’, ಶಿವಪ್ರಕಾಶರ ‘ಮಹಾಚೈತ್ರ’ ಎಲ್ಲವೂ ನಡೆದ ದಾರಿ ಅದು. ಕಲ್ಯಾಣದ ಮೇಲೆ ಇನ್ನೊಂದು ನಾಟಕಕ್ಕಿಂತ, ಶರಣರು ಚದುರಿದ ಮೇಲೂ ಊರಲ್ಲೇ ಉಳಿದ ಶೀನಿಂಗವ್ವನಂಥ ಆಳುಮಗಳೊಬ್ಬಳು ಹೇಳುವ ಕಾದಂಬರಿಯನ್ನು ಕಂಬಾರರು ನಮಗೆ ಕೊಡಬೇಕಿತ್ತು.