ಸಿಗರೇಟಿನ ಚಿತ್ರಪಟದಲ್ಲಿ ನಟೀರೂಪ

ಸಿಗರೇಟಿನ ಪೊಟ್ಟಣವು ನಜ್ಜುಗುಜ್ಜಾಗದಿರಲೆಂದು ಒಳಗಿಡುತ್ತಿದ್ದ ದಪ್ಪ ಕಾಗದದ ತುಂಡೇ ೧೮೮೦ರ ದಶಕದಲ್ಲಿ ಅಮೆರಿಕದ ವರ್ತಕರ ಕೈಯಲ್ಲಿ ಚಿತ್ರಪಟವಾಯಿತು. ರಿಚ್ಮಂಡಿನ ಅಲೆನ್ ಮತ್ತು ಗಿಂಟರ್ ಮೊದಲಾದ ಸಂಸ್ಥೆಗಳು ರಂಗನಟಿಯರ ರೂಪಗಳನ್ನು ಅದರ ಮೇಲೆ ಅಚ್ಚುಹಾಕಿಸಿದುವು. ಮಾಲೆಯನ್ನು ಪೂರ್ಣಗೊಳಿಸುವ ಆಸೆಯಿಂದ ಗ್ರಾಹಕನು ಅದೇ ಪೊಟ್ಟಣವನ್ನು ಮರಳಿ ಮರಳಿ ಕೊಳ್ಳಲೆಂಬುದೇ ಇದರ ಮರ್ಮ. ಇದು ನಟಿಗೆ ಸಂದ ಗೌರವವೋ, ಆಕೆಯ ಕಲೆಗೆ ಒದಗಿದ ಹಾನಿಯೋ ಎಂಬುದು ವಿಚಾರಾರ್ಹವಾಗಿದೆ.

ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಅಭಿನಯವು ಚತುರ್ವಿಧ. ಕಿರೀಟಾದಿ ವೇಷವು ‘ಇವನು ನಟ’ನೆಂಬ ಬುದ್ಧಿಯನ್ನು ಮರೆಮಾಡುವುದೆಂದು ಅಭಿನವಗುಪ್ತನ ಮತ. ಸಾಧಾರಣೀಕರಣಕ್ಕೆ ಆ ಮರೆಯು ಸಾಧಕವಾಗುತ್ತದೆ. ಹೊನ್ನಾವರ ಸೀಮೆಯ ಹಳದೀಪುರದ ಕಡೆ ಬೇರೂರಿದ ಬಡಗುತಿಟ್ಟಿನ ಯಕ್ಷಗಾನದಲ್ಲಿ ಪುರುಷನೇ ಸ್ತ್ರೀವೇಷವನ್ನು ಧರಿಸಿ ದ್ರೌಪದಿಯೋ ದಮಯಂತಿಯೋ ಆಗುವ ಸಂಪ್ರದಾಯವು ಇದಕ್ಕೆ ನಿದರ್ಶನ. ವೇಷಧಾರಿಯು ಮರೆಯಾದಷ್ಟೂ ಪಾತ್ರವು ಬೆಳಗುತ್ತದೆ. ಚಿತ್ರಪಟದಲ್ಲಾದರೋ ಕ್ರಮವು ವಿಪರೀತವಾಗುತ್ತದೆ; ಪಾತ್ರವು ಅಳಿದು ವ್ಯಕ್ತಿಯು ಉಳಿಯುತ್ತಾಳೆ. ಮಾತಿಲ್ಲ, ಚಲನೆಯಿಲ್ಲ, ಆಹಾರ್ಯಮಾತ್ರವೇ ಶೇಷ.

ಕನ್ನಡನಾಡಿನ ಸಂಬಂಧವುಳ್ಳ ಎರಡು ಉದಾಹರಣೆಗಳು ಇಲ್ಲಿ ಗಮನಾರ್ಹವಾಗಿವೆ. ಗಾಯಕಿ ಗೌಹರ್ ಜಾನರ ಭಾವಚಿತ್ರವು ಆಸ್ಟ್ರಿಯಾ ದೇಶದ ಬೆಂಕಿಪೆಟ್ಟಿಗೆಗಳ ಮೇಲೆ ಅಚ್ಚಾಗಿತ್ತು. ಇವರು ೧೯೨೮ರಲ್ಲಿ ಮೈಸೂರು ಆಸ್ಥಾನವನ್ನು ಸೇರಿ, ೧೯೩೦ನೆಯ ಜನವರಿ ೧೭ರಂದು ಅಲ್ಲಿಯೇ ದಿವಂಗತರಾದರು. ಧಾರವಾಡದಲ್ಲಿ ಜನಿಸಿ, ಮರಾಠಿ ರಂಗಭೂಮಿಯಿಂದ ಚಲಚ್ಚಿತ್ರಕ್ಕೆ ನಡೆದ ಲೀಲಾ ಚಿಟ್ನೀಸರು ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಸಿಗರೇಟಿನಿಂದ ಸಾಬೂನಿಗೆ ವಸ್ತುವು ಬದಲಾಯಿತೇ ಹೊರತು ನ್ಯಾಯವು ಬದಲಾಗಲಿಲ್ಲ.

ನಾಟಕಶಾಲೆಯ ಬಾಗಿಲನ್ನೇ ಕಾಣದವರಿಗೂ ಈ ಚಿತ್ರಗಳು ಕಲಾವತಿಯರನ್ನು ಪರಿಚಯಿಸಲಿಲ್ಲವೇ ಎಂದು ಪೂರ್ವಪಕ್ಷವು ಏಳಬಹುದು. ಪರಿಚಯಿಸಿದುವು, ನಿಜ, ಆದರೆ ಮುಖವನ್ನು ಮಾತ್ರ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ತಮ್ಮ ಧ್ವನಿಮುದ್ರಣಗಳಲ್ಲಿ ಗೌಹರ್ ಜಾನರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ಅಲ್ಲಿ ಹೆಸರು ಹಾಡಿಗೆ ಅಂಟಿಕೊಂಡಿದೆ. ಬೆಂಕಿಪೆಟ್ಟಿಗೆಯಲ್ಲಿ ಮುಖವು ಸರಕಿಗೆ ಅಂಟಿಕೊಂಡಿದೆ. ತಟ್ಟೆಯನ್ನು ಕೇಳಿದವನು ಸಹೃದಯನಾಗಬಲ್ಲನು. ಪೆಟ್ಟಿಗೆಯನ್ನು ಕೊಂಡವನು ಗ್ರಾಹಕನಷ್ಟೆ.

ಆದುದರಿಂದ ರಂಗಭೂಮಿಯ ಇತಿಹಾಸವನ್ನು ಬರೆಯುವವರು ಇಂತಹ ಚಿತ್ರಪಟಗಳನ್ನು ಕಸವೆಂದು ಕಳೆಯಲಾಗದು. ಉಡಿಗೆತೊಡಿಗೆಗೂ ಪೇಟೆಯ ರುಚಿಗೂ ಅವು ಪ್ರಮಾಣವೇ ಸರಿ. ಅಭಿನಯಕ್ಕೆ ಮಾತ್ರ ಅವು ಪ್ರಮಾಣವಲ್ಲ. ಪಟದ ಚೆಲುವನ್ನು ನೋಡಿ ನಟಿಯ ಯೋಗ್ಯತೆಯನ್ನು ನಿರ್ಣಯಿಸುವುದು ಓಲೆಗರಿಯ ಕಟ್ಟನ್ನು ನೋಡಿ ಕಾವ್ಯವನ್ನು ಬೆಲೆಗಟ್ಟಿದಂತೆ.