ಅಧಿಕಾರವೂ ಅರ್ಥಬಲವೂ: ಅಮೆರಿಕದ ಎರಡು ಗ್ರಂಥಗಳು, ಉತ್ತರ ಬೆಂಗಳೂರಿನ ಸಾಕ್ಷ್ಯ

೧

ರಾಜ್ಯಾಧಿಕಾರಕ್ಕೂ ಅರ್ಥಬಲಕ್ಕೂ ಇರುವ ಸಂಬಂಧವನ್ನು ವಿಚಾರಿಸುವವರಿಗೆ ಅಮೆರಿಕದ ಎರಡು ಗ್ರಂಥಗಳು ಮೊದಲು ನೆನಪಿಗೆ ಬರುತ್ತವೆ. ಒಂದು, ಆ ದೇಶದ ಸಂವಿಧಾನಕ್ಕೆ ಆರ್ಥಿಕ ವ್ಯಾಖ್ಯಾನವನ್ನು ನೀಡಲು ಚಾರ್ಲ್ಸ್ ಬಿಯರ್ಡ್ ಅವರು ೧೯೧೩ರಲ್ಲಿ ಪ್ರಕಟಿಸಿದ ಕೃತಿ; ಇನ್ನೊಂದು, ಸಿ. ರೈಟ್ ಮಿಲ್ಸ್ ಅವರು ೧೯೫೬ರಲ್ಲಿ ಹೊರತಂದ 'ದಿ ಪವರ್ ಎಲೀಟ್'. ೧೭೮೭ರ ಫಿಲಡೆಲ್ಫಿಯ ಸಭೆಯ ಸದಸ್ಯರಲ್ಲಿ ಯಾರ ಬಳಿ ಸರ್ಕಾರಿ ಸಾಲಪತ್ರಗಳಿದ್ದುವೆಂಬುದನ್ನು ಖಜಾನೆಯ ದಾಖಲೆಗಳಿಂದ ಹೊರತೆಗೆದು, ಸಂವಿಧಾನವು ಅಂಥವರ ಹಿತವನ್ನು ಕಾಯುವ ವ್ಯವಸ್ಥೆಯೆಂದು ಬಿಯರ್ಡ್ ವಾದಿಸಿದರು. ದೊಡ್ಡ ಕಂಪನಿಗಳ, ಸೈನ್ಯದ ಮತ್ತು ಸರ್ಕಾರದ ಅಗ್ರಸ್ಥಾನಗಳಲ್ಲಿರುವವರು ಒಂದೇ ವರ್ಗದವರು, ಒಂದು ಪೀಠದಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗುವವರು ಎಂಬುದು ಮಿಲ್ಸ್ ಅವರ ಪ್ರತಿಪಾದನೆ. ೧೯೬೧ರ ಜನವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ತಮ್ಮ ವಿದಾಯ ಭಾಷಣದಲ್ಲಿ ಸೈನ್ಯ ಮತ್ತು ಶಸ್ತ್ರೋದ್ಯಮಗಳ ಕೂಟದ ವಿಷಯವಾಗಿ ಎಚ್ಚರಿಕೆ ಕೊಟ್ಟ ಮೇಲೆ ಈ ವಾದಕ್ಕೆ ಇನ್ನಷ್ಟು ಬೆಲೆ ಬಂದಿತು.

ಈ ಗ್ರಂಥಗಳ ಉಪಕಾರ ದೊಡ್ಡದು. ಕಾನೂನಿನ ಮಾತುಗಳ ಹಿಂದೆ ಹಣದ ಲೆಕ್ಕವಿರಬಹುದೆಂಬುದನ್ನು ಅವು ತೋರಿಸಿಕೊಟ್ಟವು. ಆದರೆ ಎರಡರಲ್ಲಿಯೂ ಒಂದು ಸಮಾನವಾದ ನ್ಯೂನತೆಯುಂಟು. ಐಶ್ವರ್ಯವು ಮೊದಲೇ ಸಿದ್ಧವಾಗಿದ್ದು, ಆ ಬಳಿಕ ಅದು ಅಧಿಕಾರದ ಬಾಗಿಲನ್ನು ತಟ್ಟುತ್ತದೆ ಎಂದು ಎರಡೂ ಭಾವಿಸುತ್ತವೆ. ಆದುದರಿಂದ ಎರಡೂ ವ್ಯಕ್ತಿಗಳನ್ನೇ ಹುಡುಕುತ್ತವೆ. ಈ ಕ್ರಮವು ನಮ್ಮ ನಾಡಿನ ಚರಿತ್ರೆಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದೇ ಪ್ರಕೃತ ವಿಚಾರ.

೨

ಮೈಸೂರು ಸಂಸ್ಥಾನದಲ್ಲಿ, ಕೋಲಾರದ ಗಣಿಗಳ ಇಂಗ್ಲಿಷ್ ಕಂಪನಿಗಳನ್ನೂ ಬೆಂಗಳೂರಿನ ಕೆಲವು ಗಿರಣಿಗಳನ್ನೂ ಬಿಟ್ಟರೆ, ದೊಡ್ಡ ಬಂಡವಾಳವುಳ್ಳ ಉದ್ಯಮಿವರ್ಗ ಇದ್ದುದು ಅತ್ಯಲ್ಪ. ಆದುದರಿಂದ ಸರ್ಕಾರವೇ ಉದ್ಯಮಿಯಾಯಿತು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ. ಗಣಿಯ ಅಗತ್ಯವು ಸಂಸ್ಥಾನದ ನೀತಿಯನ್ನು ರೂಪಿಸಿತು. ಆ ನೀತಿಯಿಂದ ಹುಟ್ಟಿದ ವಿದ್ಯುತ್ತು ಹೊಸ ಉದ್ಯಮಗಳಿಗೆ ದಾರಿಮಾಡಿತು. ಇಲ್ಲಿ ಯಾವುದು ಮೊದಲು ಯಾವುದು ಅನಂತರ ಎಂದು ಬೇರ್ಪಡಿಸಲಾಗದು. ನಮ್ಮ ಶಾಸ್ತ್ರಕಾರರು ಬೀಜವೃಕ್ಷನ್ಯಾಯವೆಂದು ಕರೆದದ್ದು ಇಂಥದನ್ನೇ.

ಬೆಂಗಳೂರಿನ ಉತ್ತರಭಾಗದಲ್ಲಿ ಇದು ಇನ್ನೂ ಸ್ಪಷ್ಟ. ಯಶವಂತಪುರದ ಸಮೀಪ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ದ್ರವ್ಯವನ್ನು ಕೊಟ್ಟವರು ಬೊಂಬಾಯಿಯ ತಾತಾ ಮನೆತನದವರು. ೩೭೧ ಎಕರೆ ಭೂಮಿಯನ್ನು ಕೊಟ್ಟುದು ಮೈಸೂರು ಸರ್ಕಾರ. ಒಪ್ಪಿಗೆಯ ಆಜ್ಞೆ ಬಂದದ್ದು ಭಾರತ ಸರ್ಕಾರದಿಂದ. ಸ್ವಾತಂತ್ರ್ಯಾನಂತರ ಜಾಲಹಳ್ಳಿಯ ಬಯಲಿನಲ್ಲಿ ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಲೆಯೆತ್ತಿದುವು. ಇವೆರಡೂ ಸರ್ಕಾರವನ್ನು ಕೊಂಡುಕೊಂಡ ಉದ್ಯಮಗಳಲ್ಲ, ಸರ್ಕಾರವೇ ಸೃಷ್ಟಿಸಿದ ಉದ್ಯಮಗಳು.

ಮೈಸೂರಿನ ಮೊದಲ ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆ. ಸಿ. ರೆಡ್ಡಿಯವರು ೧೯೫೨ರಲ್ಲಿ ಕೇಂದ್ರದ ಉತ್ಪಾದನಾ ಸಚಿವರಾದರು. ಮರುವರ್ಷವೇ ಜಾಲಹಳ್ಳಿಯ ಕಾರ್ಖಾನೆ ರೂಪುಗೊಂಡಿತು. ಮಿಲ್ಸ್ ಅವರ ಅನುಯಾಯಿಯು ಇದನ್ನು ಕಂಡು ಸಾಕ್ಷ್ಯ ದೊರೆಯಿತೆಂದು ಹಿಗ್ಗಬಹುದು. ಆದರೆ ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಸಂಸ್ಥೆಯೊಡನೆ ಭಾರತ ಸರ್ಕಾರ ಒಪ್ಪಂದ ಮಾಡಿಕೊಂಡದ್ದು ೧೯೪೯ರಲ್ಲಿ, ಎಂದರೆ ರೆಡ್ಡಿಯವರು ದೆಹಲಿಗೆ ಹೋಗುವುದಕ್ಕೆ ಮುಂಚೆ. ಎರಡು ಸಂಗತಿಗಳು ಒಂದರ ಬೆನ್ನಿಗೆ ಒಂದು ಬಂದ ಮಾತ್ರಕ್ಕೆ ಕಾರ್ಯಕಾರಣ ಸಂಬಂಧ ಸಿದ್ಧಿಸುವುದಿಲ್ಲ. ಅದು ಕಾಕತಾಳೀಯವೂ ಆಗಿರಬಹುದು. ಬಿಯರ್ಡ್ ಅವರ ವಾದ ಎಡವಿದ್ದೂ ಇಲ್ಲಿಯೇ. ೧೯೫೬ರಲ್ಲಿ ರಾಬರ್ಟ್ ಬ್ರೌನ್ ಅವರೂ ೧೯೫೮ರಲ್ಲಿ ಫಾರೆಸ್ಟ್ ಮೆಕ್‌ಡೊನಾಲ್ಡ್ ಅವರೂ ಅವರ ಸಾಕ್ಷ್ಯವನ್ನು ಮತ್ತೆ ಪರಿಶೀಲಿಸಿ, ಸದಸ್ಯರ ಆಸ್ತಿಗೂ ಅವರು ಹಿಡಿದ ಪಕ್ಷಕ್ಕೂ ಅಂಥ ನೇರ ಹೊಂದಿಕೆ ಇಲ್ಲವೆಂದು ತೋರಿಸಿದರು.

೩

ಹಾಗಾದರೆ ಹುಡುಕಬೇಕಾದುದೇನು? ಪೀಠದಲ್ಲಿ ಕುಳಿತವರು ಯಾರು ಎಂಬುದಕ್ಕಿಂತಲೂ, ಅವರು ಎದ್ದುಹೋದ ಮೇಲೆ ಉಳಿಯುವ ಷರತ್ತು ಯಾವುದು ಎಂಬುದನ್ನು ಎಂದು ನನ್ನ ಅಭಿಪ್ರಾಯ.

ಜಾಲಹಳ್ಳಿಯ ಉದಾಹರಣೆಯನ್ನೇ ಮುಂದುವರಿಸೋಣ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಇಲ್ಲಿ ಆರಂಭವಾದ ಕೈಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ೨೦೧೬ರ ಜನವರಿಯಲ್ಲಿ ತೀರ್ಮಾನಿಸಿತು. ಗಡಿಯಾರ ನಿಂತಿತು, ನೆಲ ಉಳಿಯಿತು. ೨೦೨೪ರಲ್ಲಿ ರಾಜ್ಯದ ಅರಣ್ಯ ಇಲಾಖೆಯು ೧೮೯೬ರ ಅಧಿಸೂಚನೆಯನ್ನು ಮುಂದಿಟ್ಟು, ಸಂಸ್ಥೆಯ ವಶದಲ್ಲಿದ್ದ ಸುಮಾರು ೬೦೦ ಎಕರೆ ಭೂಮಿ ಅರಣ್ಯವೇ ಎಂದು ಹಕ್ಕು ಸಾಧಿಸಿತು. ಸಂಸ್ಥೆ ಅದನ್ನು ಒಪ್ಪಲಿಲ್ಲ. ವಿವಾದದ ತಿರುಳು ಈಗಿನ ಸಚಿವರ ಷೇರುಗಳಲ್ಲಿಲ್ಲ. ಆ ನೆಲ ಯಾವ ಆಜ್ಞೆಯಿಂದ, ಯಾವ ನಿಬಂಧನೆಯ ಮೇಲೆ ಕೈಬದಲಾಯಿತು ಎಂಬುದರಲ್ಲಿದೆ.

ದೇವನಹಳ್ಳಿಯ ವಿಮಾನ ನಿಲ್ದಾಣ ಇನ್ನೊಂದು ನಿದರ್ಶನ. ೨೦೦೮ರಲ್ಲಿ ಅದು ತೆರೆದಾಗ ಕಂಪನಿಯ ಶೇಕಡ ೭೪ ಪಾಲು ಖಾಸಗಿಯವರದು. ಉಳಿದ ೨೬ರಲ್ಲಿ ರಾಜ್ಯಕ್ಕೂ ಕೇಂದ್ರಕ್ಕೂ ಸಮಪಾಲು. ಸುಮಾರು ೪,೦೦೦ ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟುದು ರಾಜ್ಯ. ೨೦೦೪ರ ಒಪ್ಪಂದದ ಮೇರೆಗೆ, ನಿಲ್ದಾಣ ತೆರೆದಂದಿನಿಂದ ೨೫ ವರ್ಷ, ಮೈಸೂರು ಹಾಸನಗಳನ್ನು ಬಿಟ್ಟು, ೧೫೦ ಕಿಲೋಮೀಟರಿನೊಳಗೆ ಪೈಪೋಟಿಯ ನಿಲ್ದಾಣಕ್ಕೆ ಎಡೆಯಿಲ್ಲ. ಐದು ವರ್ಷಗಳ ಅವಧಿಗೆ ಜನ ಆರಿಸಿದ ಸರ್ಕಾರವು ೨೦೩೩ರವರೆಗೆ ಬರುವ ಸರ್ಕಾರಗಳ ಕೈಯನ್ನೂ ಕಟ್ಟಿತು. ಬಂಡವಾಳ ಹೂಡುವವರು ಇಂಥ ಭದ್ರತೆಯನ್ನು ಕೇಳುವುದು ಸಹಜವೆಂದು ಒಪ್ಪಬಹುದು. ಆದರೆ ಸಾರ್ವಜನಿಕ ನೀತಿಯ ಮೇಲೆ ಅರ್ಥಬಲದ ಪ್ರಭುತ್ವ ಸ್ಥಿರಗೊಳ್ಳುವುದು ಹೀಗೆ, ಬಹಿರಂಗವಾದ ಕರಾರಿನ ಒಂದು ವಾಕ್ಯದಲ್ಲಿ. ಇದಕ್ಕೆ ರಹಸ್ಯಕೂಟ ಬೇಕಾಗುವುದಿಲ್ಲ.

೪

ಅಮೆರಿಕದಲ್ಲಿ ಬಂಡವಾಳ ಮೊದಲೇ ಬಲಿತಿತ್ತು, ಆದುದರಿಂದ ಈ ಹೋಲಿಕೆ ಸಲ್ಲದು ಎಂಬ ಆಕ್ಷೇಪ ಬರಬಹುದು. ಆದರೆ ಆ ದೇಶದ ೧೮೬೨ರ ಪೆಸಿಫಿಕ್ ರೈಲ್ವೆ ಶಾಸನವನ್ನು ನೋಡಬೇಕು. ರೈಲುದಾರಿಯ ಇಕ್ಕೆಲದ ಸಾರ್ವಜನಿಕ ಭೂಮಿಯನ್ನೂ ಸರ್ಕಾರಿ ಸಾಲಪತ್ರಗಳನ್ನೂ ಕಂಪನಿಗಳಿಗೆ ಕೊಟ್ಟುದು ಅಲ್ಲಿನ ಕಾಂಗ್ರೆಸ್ಸು. ಹತ್ತು ವರ್ಷಗಳ ಬಳಿಕ, ೧೮೭೨ರಲ್ಲಿ, ರೈಲುದಾರಿಯನ್ನು ಕಟ್ಟಿದ ಕ್ರೆಡಿಟ್ ಮೊಬಿಲಿಯೇ ಸಂಸ್ಥೆಯ ಷೇರುಗಳು ಶಾಸಕರ ಕೈಸೇರಿದ ಸಂಗತಿ ಬಯಲಾಯಿತು. ಶಾಸನ ಭೂಮಿಯನ್ನು ಕೊಟ್ಟಿತು, ಭೂಮಿ ಐಶ್ವರ್ಯವಾಯಿತು, ಐಶ್ವರ್ಯ ಷೇರಿನ ರೂಪದಲ್ಲಿ ಶಾಸನಸಭೆಗೆ ಮರಳಿತು. ಬೀಜವೃಕ್ಷನ್ಯಾಯ ಅಲ್ಲಿಯೂ ಸಲ್ಲುತ್ತದೆ. ಬಿಯರ್ಡ್ ಮತ್ತು ಮಿಲ್ಸ್ ಈ ಚಕ್ರದ ಒಂದರ್ಧವನ್ನು ಚೆನ್ನಾಗಿ ಕಂಡರು. ಇನ್ನೊಂದರ್ಧವು ಅವರ ವಾದದಲ್ಲಿ ಹಿಂದೆ ಸರಿಯಿತು.

ಚಕ್ರವನ್ನು ಹೊರಗಿನವರು ನಿಲ್ಲಿಸಲಾರರೆ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಗ್ರಾಮಗಳ ರೈತರು, ವಿಮಾನೋದ್ಯಮಕ್ಕಾಗಿ ೧,೭೭೭ ಎಕರೆ ಭೂಮಿಯನ್ನು ವಶಪಡಿಸಿಕೊಳ್ಳುವ ಯೋಜನೆಯ ವಿರುದ್ಧ ೨೦೨೨ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ನಡೆಸಿದರು. ೨೦೨೫ರ ಜುಲೈ ೧೫ರಂದು ಸರ್ಕಾರ ಯೋಜನೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಪೀಠವಾಗಲಿ ಷೇರಾಗಲಿ ಇಲ್ಲದವರು ನೀತಿಯನ್ನು ತಿದ್ದಿದರು. ಮಿಲ್ಸ್ ಅವರ ಚಿತ್ರದಲ್ಲಿ ಇಂಥವರಿಗೆ ಸ್ಥಳವೇ ಇಲ್ಲ. ಆದರೆ ಈ ಜಯವನ್ನು ಹಿಗ್ಗಿಸಿ ಹೇಳುವುದೂ ತಪ್ಪು. ಇಚ್ಛೆಯಿಂದ ಭೂಮಿ ಕೊಡುವವರಿಗೆ ಹೆಚ್ಚಿನ ಬೆಲೆ ದೊರೆಯುವುದೆಂದು ಸರ್ಕಾರ ಅಂದೇ ಹೇಳಿತು. ನೆರೆಯ ಆಂಧ್ರದ ಸಚಿವರೊಬ್ಬರು ಆ ಉದ್ಯಮಗಳನ್ನು ಒಡನೆಯೇ ತಮ್ಮ ರಾಜ್ಯಕ್ಕೆ ಕರೆದರು. ರೈತನ ಹೊಲ ಇದ್ದಲ್ಲಿಯೇ ಇರುತ್ತದೆ, ಬಂಡವಾಳಕ್ಕೆ ಕಾಲುಂಟು. ಈ ಅಂತರವನ್ನು ಗಣಿಸದ ಯಾವ ಸಿದ್ಧಾಂತವೂ ಪೂರ್ಣವಾಗದು.

ಆದುದರಿಂದ ಈ ವಿಷಯದಲ್ಲಿ ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿಗಳು ಗಣ್ಯರ ಪಟ್ಟಿಯಿಂದ ಹೊರಡುವುದಕ್ಕೆ ಬದಲಾಗಿ ಗೆಜೆಟ್ಟಿನ ಅಧಿಸೂಚನೆ, ಒಪ್ಪಂದದ ಷರತ್ತು, ತಾಲ್ಲೂಕು ಕಚೇರಿಯ ಪಹಣಿ, ಈ ಮೂರನ್ನು ಜೊತೆಯಿಟ್ಟು ಓದುವುದು ಮೇಲು. ಯಲಹಂಕ, ಹೆಬ್ಬಾಳ, ಜಾಲಹಳ್ಳಿಗಳ ಒಂದೊಂದು ಸರ್ವೆ ನಂಬರಿನ ಚರಿತ್ರೆಯನ್ನು ಹೀಗೆ ಬರೆದರೂ, ಬಿಯರ್ಡ್ ಅವರು ಎತ್ತಿದ ಪ್ರಶ್ನೆಗೆ ಅವರಿಗಿಂತ ಭದ್ರವಾದ ಉತ್ತರ ನಮ್ಮ ನೆಲದಲ್ಲಿ ದೊರೆಯಬಹುದು.